ಗೋಡೆ ಸರಿಸಿದ ಅಮ್ಮ: 1924ರ ಒಂದು ಪುಟ್ಟ ಮನೆ, ಮೂರು ಬಣ್ಣ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕಥೆ ನಮ್ಮನೆ ಹಾಲ್‌ನಿಂದ ಶುರುವಾಗುತ್ತೆ.

ನಾವಿರೋದು ಬೆಂಗಳೂರಲ್ಲಿ, ಬಾಡಿಗೆಯ ಒನ್ ಬಿಎಚ್‌ಕೆ. ಅಮ್ಮ, ತಮ್ಮ, ನಾನು. ಅಪ್ಪ ಹೋದ ಮೇಲೆ ಊರಲ್ಲಿ ಒಬ್ಬರೇ ಬೇಡ ಅಂತ ಅಮ್ಮನನ್ನ ಕರ್ಕೊಂಡು ಬಂದ್ವಿ. ಇರೋ ಒಂದು ಬೆಡ್‌ರೂಮ್ ತಮ್ಮನ ಓದಿಗೆ, ನನ್ನ ರೆಕಾರ್ಡಿಂಗ್‌ಗೆ. ಅಮ್ಮ ಹಾಲ್‌ನಲ್ಲಿರೋ ದಿವಾನದ ಮೇಲೆ ಮಲಗ್ತಾರೆ.

ಹೋದ ತಿಂಗಳು ನನಗೆ ಮನೆ ಚೆಂದ ಮಾಡೋ ಹುಚ್ಚು ಹಿಡೀತು. ನೀವೂ ನೋಡಿರ್ತೀರ, ರೀಲ್ಸ್ ತುಂಬ ಅದೇ. ಒಂದು ಗೋಡೆಗೆ ಗಾಢ ಬಣ್ಣ ಹೊಡೀರಿ, ಎರಡು ಹಳದಿ ಕುಷನ್ ಇಡಿ, ಚಿಕ್ಕ ಮನೆ ದೊಡ್ಡದಾಗಿ ಕಾಣುತ್ತೆ. ಆ ಗೋಡೆಗೆ ಆಕ್ಸೆಂಟ್ ವಾಲ್ ಅಂತ ಹೆಸರು. ನಾನೂ ಫೋನ್ ಹಿಡ್ಕೊಂಡು ಅಮ್ಮನ್ನ ಕೇಳಿದೆ, "ಅಮ್ಮ, ಈ ಗೋಡೆಗೆ ಯಾವ ಬಣ್ಣ ಚೆನ್ನಾಗಿರುತ್ತೆ?"

ಅಮ್ಮ ಗೋಡೆ ಕಡೆ ನೋಡಲೇ ಇಲ್ಲ. "ಬಣ್ಣ ಯಾವುದಾದ್ರೂ ಹೊಡಿ ಕಣೇ. ರಾತ್ರಿ ಹತ್ತಕ್ಕೆ ನನಗೆ ಲೈಟ್ ಆರಿಸೋ ಹಾಗಾದ್ರೆ ಸಾಕು" ಅಂದ್ರು.

ಎರಡು ವರ್ಷದಿಂದ ನಮ್ಮಮ್ಮ ನಾವಿಬ್ಬರೂ ಮಲಗೋವರೆಗೂ ಕಾಯ್ತಿದ್ರು. ನನಗೆ ಗೊತ್ತೇ ಆಗಿರಲಿಲ್ಲ.

ಈ ಮಾತು ತಲೇಲಿಟ್ಕೊಂಡು, ಚಿಕ್ಕ ಮನೆ, ಜಾಣ ಜೋಡಣೆ, ಅಲ್ಲಲ್ಲಿ ಗಾಢ ಬಣ್ಣ ಅನ್ನೋ ಈ ಐಡಿಯಾ ಎಲ್ಲಿಂದ ಬಂತು ಅಂತ ಹುಡುಕೋಕೆ ಹೊರಟೆ. ಹಾಗೆ ಸಿಕ್ಕಿದ್ದು ನೂರು ವರ್ಷದ ಹಿಂದಿನ ಒಂದು ಡಚ್ ಮನೆ. ಅದರ ಹಿಂದೆ ಇದ್ದಿದ್ದೂ ಒಬ್ಬ ಅಮ್ಮ.

ಊರು ಉಟ್ರೆಕ್ಟ್, ದೇಶ ನೆದರ್ಲೆಂಡ್ಸ್. ಆಕೆಯ ಹೆಸರು ಟ್ರೂಸ್ ಶ್ರೋಡರ್. ಹುಟ್ಟಿದ್ದು 1889ರಲ್ಲಿ. ಗಂಡ ವಕೀಲ, ಅನುಕೂಲಸ್ಥ ಕುಟುಂಬ. ಮನೆ ಅಂದ್ರೆ ಹಳೇ ಕಾಲದ ಶ್ರೀಮಂತರ ಮನೆ: ಎತ್ತರದ ಚಾವಣಿ, ಭಾರೀ ಫರ್ನಿಚರ್, ಮಕ್ಕಳದ್ದೊಂದು ಕಡೆ, ದೊಡ್ಡವರದ್ದೊಂದು ಕಡೆ. ಟ್ರೂಸ್‌ಗೆ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ಮಕ್ಕಳನ್ನ ಹೇಗೆ ಬೆಳೆಸಬೇಕು ಅನ್ನೋದರಲ್ಲೂ ಗಂಡ ಹೆಂಡತಿಗೆ ಒಂದೇ ಅಭಿಪ್ರಾಯ ಇರಲಿಲ್ಲ. ಕೊನೆಗೆ 1921ರಲ್ಲಿ, ಆ ದೊಡ್ಡ ಮನೆಯೊಳಗೇ ಆಕೆಗೆ ಅಂತ ಒಂದು ಕೋಣೆಯನ್ನ ಹೊಸ ರೀತಿಯಲ್ಲಿ ಮಾಡಿಸಿದ್ರು. ಮಾಡಿಕೊಟ್ಟವನು ಗೆರಿಟ್ ರೀಟ್‌ವೆಲ್ಡ್.

ರೀಟ್‌ವೆಲ್ಡ್ ಉಟ್ರೆಕ್ಟ್‌ನ ಬಡಗಿಯ ಮಗ. ಚಿಕ್ಕ ವಯಸ್ಸಲ್ಲೇ ಅಪ್ಪನ ವರ್ಕ್‌ಶಾಪ್‌ಗೆ ಇಳಿದವನು, ಕುರ್ಚಿ ಮೇಜು ಮಾಡ್ತಾ ಬೆಳೆದವನು. ಆತ ಮಾಡಿದ ಒಂದು ಕುರ್ಚಿಯ ಫೋಟೋ ನೀವು ಎಲ್ಲಾದರೂ ನೋಡಿರಬಹುದು. ಒರಗೋಕೆ ಕೆಂಪು ಹಲಗೆ, ಕೂರೋಕೆ ನೀಲಿ ಹಲಗೆ, ಸುತ್ತ ಕಪ್ಪು ಕಡ್ಡಿಗಳು. 1918ರ ಸುಮಾರಿಗೆ ಮೊದಲು ಮಾಡಿದಾಗ ಅದಕ್ಕೆ ಬಣ್ಣವೇ ಇರಲಿಲ್ಲ, ಈ ಬಣ್ಣಗಳು ಬಂದಿದ್ದು 1923ರ ಹೊತ್ತಿಗೆ. ಆ ಕುರ್ಚಿಯಲ್ಲಿ ಹಳದಿ ಎಲ್ಲಿದೆ ನೋಡಿ. ಕಪ್ಪು ಕಡ್ಡಿಗಳನ್ನ ಕತ್ತರಿಸಿದ ತುದಿಗಳಲ್ಲಿ ಮಾತ್ರ. ಅಂದ್ರೆ ಬೆರಳ ಗಾತ್ರದ ಜಾಗದಲ್ಲಿ. ಆದರೆ ಕಣ್ಣು ಮೊದಲು ಹೋಗೋದು ಅಲ್ಲಿಗೇ. ಕಡ್ಡಿ ಇಲ್ಲಿಗೆ ಮುಗೀತು ಅಂತ ಆ ಹಳದಿ ಹೇಳುತ್ತೆ.

ಆಕ್ಸೆಂಟ್ ಬಣ್ಣದ ಪಾಠ ನನಗೆ ಅರ್ಥ ಆಗಿದ್ದು ಅಲ್ಲಿ. ಬಣ್ಣ ಜಾಗ ತುಂಬಿಸೋಕಲ್ಲ. ಎಲ್ಲಿ ಏನು ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ತೋರಿಸೋಕೆ.

ಇದು ಆತ ಒಬ್ಬನ ತಲೆಯಲ್ಲಿ ಹುಟ್ಟಿದ ಯೋಚನೆ ಅಲ್ಲ. 1917ರಲ್ಲಿ ಥಿಯೋ ವಾನ್ ಡೂಸ್‌ಬರ್ಗ್ ಅನ್ನೋ ಕಲಾವಿದ 'ಡ ಸ್ಟೈಲ್' ಅಂತ ಒಂದು ಪತ್ರಿಕೆ ಶುರು ಮಾಡಿದ್ದ. ಚಿತ್ರಕಾರ ಮೊಂಡ್ರಿಯಾನ್ ಕೂಡ ಆ ಗುಂಪಿನವನೇ. ನೇರ ಗೆರೆ, ಕೆಂಪು ನೀಲಿ ಹಳದಿ, ಜೊತೆಗೆ ಕಪ್ಪು ಬಿಳಿ ಬೂದು, ಇಷ್ಟರಲ್ಲೇ ಎಲ್ಲ ಮಾಡಬೇಕು ಅನ್ನೋದು ಅವರ ಹಟ. ಕ್ಯಾನ್ವಾಸ್ ಮೇಲೆ ಆ ಹಟ ಸುಲಭ. ಮಕ್ಕಳು ಓಡಾಡೋ ಮನೆಯಲ್ಲಿ?

ಆ ಪರೀಕ್ಷೆ ಬಂದಿದ್ದು 1923ರಲ್ಲಿ, ಟ್ರೂಸ್ ಗಂಡ ತೀರಿಕೊಂಡಾಗ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಆಕೆಗೆ ಆಗ ಮೂವತ್ತನಾಲ್ಕರ ಆಸುಪಾಸು. ದೊಡ್ಡ ಮನೆ ಬಿಟ್ಟು ಚಿಕ್ಕದೊಂದು ಮನೆ ಸಾಕು ಅಂತ ತೀರ್ಮಾನ ಮಾಡಿದ್ರು. ಕಟ್ಟೋಕೆ ಅದೇ ರೀಟ್‌ವೆಲ್ಡ್‌ನನ್ನ ಕರೆದ್ರು. ಅಲ್ಲಿವರೆಗೆ ಆತ ಒಂದು ಇಡೀ ಮನೆ ಕಟ್ಟಿದವನೇ ಅಲ್ಲ. ಜಾಗ ಸಿಕ್ಕಿದ್ದು ಪ್ರಿನ್ಸ್ ಹೆಂಡ್ರಿಕ್‌ಲಾನ್ ಅನ್ನೋ ಬೀದಿಯ ಕೊನೆಯಲ್ಲಿ. ಸಾಲಾಗಿ ಇಟ್ಟಿಗೆ ಮನೆಗಳು, ಅವು ಮುಗಿಯೋ ಕಡೆ ಇವರ ಸೈಟು. ಅದರಾಚೆಗೆ ಊರೇ ಮುಗೀತು, ಬರೀ ಬಯಲು.

ಟ್ರೂಸ್ ಬೇಡಿಕೆಗಳನ್ನ ಕೇಳಿ. ಪ್ರತಿ ಕೋಣೆಯಲ್ಲೂ ಮಂಚ ಹಾಕೋ ಹಾಗಿರಬೇಕು, ಅದೂ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ. ಪ್ರತಿ ಕೋಣೆಗೂ ನೀರು ಬರಬೇಕು, ನೀರು ಹೋಗಬೇಕು. "ಹೊರಗಿಂದ ಹೇಗೆ ಕಾಣಬೇಕು" ಅನ್ನೋದರಿಂದ ಈ ಲೆಕ್ಕ ಶುರುವಾಗಿಲ್ಲ. ಯಾರು ಎಲ್ಲಿ ಮಲಗ್ತಾರೆ, ಎಲ್ಲಿ ಮುಖ ತೊಳೀತಾರೆ ಅನ್ನೋದರಿಂದ ಶುರುವಾಗಿದೆ. ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಇದು ಬಜೆಟ್ ಥರ ಕಂಡಿತು. ಇರೋ ಜಾಗ ಇಷ್ಟು. ಅದನ್ನ ಹೊತ್ತಿಗೆ ತಕ್ಕ ಹಾಗೆ ಯಾರಿಗೆ ಎಷ್ಟು ಹಂಚಬೇಕು?

ಅದಕ್ಕೆ ಸಿಕ್ಕ ಉತ್ತರ ಮೇಲಿನ ಮಹಡಿ. ಹಗಲು ಅದು ಒಂದೇ ದೊಡ್ಡ ಹಾಲ್, ಮಧ್ಯದಲ್ಲಿ ಮೆಟ್ಟಿಲು, ಅದರ ಮೇಲೆ ಚಾವಣಿಯಿಂದ ಬೆಳಕು. ರಾತ್ರಿ ಹಳಿಯ ಮೇಲೆ ಜಾರೋ ಹಲಗೆ ಗೋಡೆಗಳನ್ನ ಎಳೆದರೆ ಮಗನಿಗೊಂದು ಕೋಣೆ, ಹೆಣ್ಣುಮಕ್ಕಳಿಗೊಂದು ಕೋಣೆ, ಉಳಿದಿದ್ದು ಕೂತು ಮಾತಾಡೋ ಜಾಗ. ಟ್ರೂಸ್‌ಗೆ ಪಕ್ಕದಲ್ಲೊಂದು ಪುಟ್ಟ ಮಲಗೋ ಕೋಣೆ. ಬೆಳಗ್ಗೆ ಎದ್ದು ಗೋಡೆಗಳನ್ನ ಮಡಚಿ ಬದಿಗೆ ತಳ್ಳಿದರೆ ಮತ್ತೆ ಹಾಲ್.

ಒಂದು ಕಿಟಕಿಯ ಬಗ್ಗೆ ಹೇಳಲೇಬೇಕು. ಊಟದ ಮೇಜಿನ ಹತ್ತಿರ, ಮನೆಯ ಮೂಲೆಯಲ್ಲಿ ಎರಡು ಕಿಟಕಿ ಸೇರುತ್ತವೆ, ಆದರೆ ಅಲ್ಲಿ ಕಂಬ ಇಲ್ಲ. ಎರಡನ್ನೂ ತೆರೆದರೆ ಮೂಲೆಯೇ ಮಾಯ. ಮನೆ ಚಿಕ್ಕದು, ಆದರೆ ಕಣ್ಣು ಬಯಲಿನವರೆಗೂ ಹೋಗುತ್ತೆ.

ಬಣ್ಣ ಎಲ್ಲಿ? ಫೋಟೋ ನೋಡಿದವರು ಇಡೀ ಮನೆ ಕೆಂಪು ನೀಲಿ ಹಳದಿ ಅಂದ್ಕೋತಾರೆ. ಗಮನ ಕೊಟ್ಟು ನೋಡಿದ್ರೆ ಹೊರಗೋಡೆಗಳಲ್ಲಿ ಹೆಚ್ಚಿರೋದು ಬಿಳಿ ಮತ್ತು ಬೂದು. ಗಾಢ ಬಣ್ಣ ಇರೋದು ಗೆರೆಗಳ ಹಾಗೆ, ಒಂದು ತೆಳ್ಳನೆ ಕಂಬಕ್ಕೆ, ಒಂದು ಕಂಬಿಗೆ. ಒಳಗೆ ಮೇಲ್ಮಹಡಿಯ ನೆಲದಲ್ಲಿ ಕೆಂಪು, ಬೂದು, ಕಪ್ಪು, ಬಿಳಿ ಪಟ್ಟೆಗಳು. ಗೋಡೆ ಇಲ್ಲದ ಹಗಲಲ್ಲೂ ಆ ಪಟ್ಟೆಗಳು ಒಂದು ಜಾಗವನ್ನ ಇನ್ನೊಂದರಿಂದ ಬೇರೆ ಮಾಡಿ ತೋರಿಸುತ್ತವೆ. ಕುರ್ಚಿಯ ಹಳದಿ ತುದಿಯ ಪಾಠವೇ ಇದು.

ಇನ್ನು ನಗು ತರಿಸೋ ಭಾಗ. ಗೋಡೆಗಳಿಲ್ಲದ ಮಹಡಿಗೆ ಅಲ್ಲಿನ ಕಟ್ಟಡ ನಿಯಮದಲ್ಲಿ ಅನುಮತಿ ಸಿಗೋ ಹಾಗಿರಲಿಲ್ಲ. ಏನ್ಮಾಡಿದ್ರು? ಕೆಳಗಡೆ ನಿಯಮದ ಪ್ರಕಾರ ಕೋಣೆ ಕೋಣೆಯಾಗಿ ತೋರಿಸಿ, ಮೇಲ್ಮಹಡಿಗೆ ನಕ್ಷೆಯಲ್ಲಿ ಬರೆದಿದ್ದು ಒಂದೇ ಪದ: ಅಟ್ಟ. ಜಗತ್ತಿನ ಹೆಸರುವಾಸಿ ಹಾಲ್‌ಗಳಲ್ಲಿ ಒಂದು, ಸರ್ಕಾರಿ ಕಾಗದದಲ್ಲಿ ಬರೀ ಅಟ್ಟ. ಪ್ಲಾನ್‌ನಲ್ಲಿ ಒಂದು, ಕಟ್ಟೋದು ಇನ್ನೊಂದು ಅನ್ನೋದು ನಮ್ಮೂರಿನ ಪೇಟೆಂಟ್ ಅಂದ್ಕೊಂಡಿದ್ದೆ!

ಆದರೆ ನನಗೆ ಮುಖ್ಯ ಅನಿಸಿದ್ದು ಟ್ರೂಸ್ ಯಾಕೆ ಹಾಗೆ ಮಾಡಿಸಿದ್ರು ಅನ್ನೋದು. ಮಹಡಿ ತೆರೆದಿಡೋಣ ಅನ್ನೋ ಒತ್ತಾಯ ಆಕೆಯದ್ದೇ. ಮಕ್ಕಳು ಬೇರೆ ಕೋಣೆಯಲ್ಲಿ ಕೆಲಸದವರ ಜೊತೆ ಬೆಳೆಯಬಾರದು, ದೊಡ್ಡವರು ಕಲೆ, ರಾಜಕೀಯ ಅಂತ ಮಾತಾಡುವಾಗ ಅವರೂ ಅಲ್ಲೇ ಇದ್ದು ಕೇಳಿಸಿಕೊಳ್ಳಬೇಕು ಅನ್ನೋದು ಆಸೆ. ಹಳೇ ಮನೆಯಲ್ಲಿ ಗಂಡನ ಜೊತೆ ವಾದ ಮಾಡಿ ಸಿಗದಿದ್ದನ್ನ ಇಲ್ಲಿ ಗೋಡೆ ಸರಿಸಿ ಪಡ್ಕೊಂಡ್ರು.

ಅದೇ ಕಾಲದ ಇನ್ನೊಂದು ಚಿಕ್ಕ ಜಾಗವನ್ನ ಇದರ ಪಕ್ಕ ಇಟ್ಟು ನೋಡೋಣ. 1926ರಲ್ಲಿ ಮಾರ್ಗರೇಟೆ ಶುಟ್ಟೆ-ಲಿಹೋಟ್ಸ್ಕಿ ಅನ್ನೋ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸರ್ಕಾರಿ ವಸತಿ ಮನೆಗಳಿಗೆ ಒಂದು ಅಡುಗೆಮನೆ ವಿನ್ಯಾಸ ಮಾಡಿದ್ರು. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಹೆಂಗಸರ ದುಡಿಮೆ ಕಡಿಮೆ ಆಗಲಿ ಅಂತ ನಡಿಗೆಯ ಹೆಜ್ಜೆಗಳನ್ನೂ ಲೆಕ್ಕ ಹಾಕಿದ್ರು. ಸುಮಾರು 10,000 ಮನೆಗಳಿಗೆ ಅದು ಬಂತು. ಇವತ್ತಿನ ಮಾಡ್ಯುಲರ್ ಕಿಚನ್‌ನ ಅಜ್ಜಿ ಅದು. ಉದ್ದೇಶ ಒಳ್ಳೇದೇ, ಆದರೆ ಆ ಅಡುಗೆಮನೆಯಲ್ಲಿ ಒಬ್ಬರಿಗೆ ಮಾತ್ರ ಜಾಗ. ಅಡುಗೆ ಮಾಡೋ ಹೆಂಗಸು ಒಳಗೆ ಒಂಟಿಯಾದಳು ಅನ್ನೋ ಟೀಕೆ ಆಮೇಲೆ ಬಂತು. ಎರಡೂ ಕಡೆ ಜಾಗ ಚಿಕ್ಕದು, ಎರಡೂ ಕಡೆ ಜಾಣತನ ಇದೆ. ಒಂದು ಕಡೆ ಮನೆಯವರು ಒಟ್ಟಿಗೆ ಸೇರಿದ್ರು, ಇನ್ನೊಂದು ಕಡೆ ಒಬ್ಬರು ಒಂಟಿಯಾದ್ರು. ಗೋಡೆ ಎಲ್ಲಿ ಬರುತ್ತೆ ಅನ್ನೋದು ಅಷ್ಟು ದೊಡ್ಡ ವಿಷಯ.

ಟ್ರೂಸ್ ಮನೆಯನ್ನ ಬರೀ ಹೊಗಳೋದೂ ಬೇಡ. ಜಾರೋ ಹಲಗೆ ಕಣ್ಣಿಗೆ ಮರೆ, ಕಿವಿಗೆ ಇಟ್ಟಿಗೆ ಗೋಡೆಯಷ್ಟು ಮರೆ ಅಲ್ಲ. ಕೆಳಗಡೆ ಅಡುಗೆಮನೆಯ ಜೊತೆ ಕೆಲಸದವಳಿಗೂ ಒಂದು ಕೋಣೆ ಇತ್ತು. ಅಂದ್ರೆ ಮೇಲಿನ ಸ್ವಾತಂತ್ರ್ಯದ ಲೆಕ್ಕದಲ್ಲಿ ಕೆಳಗಿನವರ ದುಡಿಮೆಯೂ ಸೇರಿದೆ. ಇನ್ನೊಂದು ಬೇಜಾರಿನ ವಿಷಯ: ಬಹಳ ಕಾಲ ಈ ಮನೆಯನ್ನ ರೀಟ್‌ವೆಲ್ಡ್ ಒಬ್ಬನ ಕೆಲಸ ಅಂತಲೇ ಹೇಳ್ತಿದ್ರು. ಟ್ರೂಸ್ ಬರೀ ಮಾಲೀಕಳು, ದುಡ್ಡು ಕೊಟ್ಟವಳು. ಆಕೆ ಜೊತೆಯಲ್ಲಿ ಕೂತು ವಿನ್ಯಾಸ ಮಾಡಿದವಳು ಅಂತ ಜನ ಒಪ್ಪೋಕೆ ದಶಕಗಳೇ ಬೇಕಾದವು.

1960ರ ದಶಕದಲ್ಲಿ ಮನೆಯ ಪಕ್ಕದಲ್ಲೇ ಎತ್ತರದ ಹೆದ್ದಾರಿ ಬಂತು. ಬಯಲು ಹೋಯ್ತು. ಮೂಲೆಯ ಕಿಟಕಿ ತೆರೆದರೆ ಕಾಣೋದು ರಸ್ತೆ. ಹಾಗಾದ್ರೆ ಈ ಮನೆಯನ್ನೇ ಕೆಡವಿಬಿಡಬೇಕು ಅನ್ನೋ ಮಟ್ಟಕ್ಕೆ ರೀಟ್‌ವೆಲ್ಡ್‌ಗೆ ಬೇಸರ ಆಗಿತ್ತು. ಆತ ತನ್ನ ಕೊನೆಯ ವರ್ಷಗಳನ್ನ ಕಳೆದಿದ್ದು ಇದೇ ಮನೆಯಲ್ಲಿ, ತೀರಿಕೊಂಡಿದ್ದು 1964ರಲ್ಲಿ. ಟ್ರೂಸ್ ಕೆಡವಲಿಲ್ಲ, ಬಿಟ್ಟೂ ಹೋಗಲಿಲ್ಲ. 1985ರಲ್ಲಿ ಸಾಯೋವರೆಗೂ, ಅಂದ್ರೆ ಸುಮಾರು ಅರವತ್ತು ವರ್ಷ, ಅಲ್ಲೇ ಇದ್ರು. ಕಿರಿ ಮಗಳು ಹಾನ್ ದೊಡ್ಡವಳಾಗಿ ವಾಸ್ತುಶಿಲ್ಪಿ ಆದಳು. ದೊಡ್ಡವರ ಮಾತು ಕೇಳಿಸಿಕೊಂಡು ಬೆಳೆದಿದ್ದು ವ್ಯರ್ಥ ಆಗಿಲ್ಲ ಅನಿಸುತ್ತೆ. ಮನೆ ಈಗ ಮ್ಯೂಸಿಯಂ, 2000ನೇ ಇಸವಿಯಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಇದನ್ನೆಲ್ಲ ಅಮ್ಮಂಗೆ ಹೇಳಿದೆ. ಅಮ್ಮ ನಕ್ಕುಬಿಟ್ರು. "ಇದೇನು ದೊಡ್ಡ ವಿಷಯ? ನಿಮ್ಮಜ್ಜಿ ಮನೆ ನಡುಮನೇಲಿ ಹಾಸಿಗೆ ಬಿಚ್ಚಿದ್ರೆ ಮಲಗೋ ಕೋಣೆ, ಸುತ್ತಿಟ್ರೆ ಊಟದ ಕೋಣೆ. ಹತ್ತು ಜನ ಮಲಗ್ತಿದ್ವಿ."

ನಿಜ, ಜಾಗವನ್ನ ಹೊತ್ತಿಗೆ ತಕ್ಕ ಹಾಗೆ ಬದಲಿಸೋದು ನಮಗೆ ಹೊಸದಲ್ಲ. ಆದರೆ ಆ ನಡುಮನೆಯಲ್ಲಿ ಅಜ್ಜಿಗೆ ಅಂತ ಒಂದು ಮೂಲೆ ಇತ್ತಾ ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. "ಇಲ್ಲ. ಅವರು ಎಲ್ಲರಿಗಿಂತ ಕೊನೇಲಿ ಮಲಗ್ತಿದ್ರು" ಅಂದ್ರು.

ಆ ಭಾನುವಾರ ಆಕ್ಸೆಂಟ್ ವಾಲ್ ಪ್ಲಾನ್ ಕೈಬಿಟ್ಟೆ. ಹೇಗೂ ನಮ್ಮ ಓನರ್ ಗೋಡೆಗೆ ಮೊಳೆ ಹೊಡೆಯೋಕೂ ಬಿಡಲ್ಲ. ತಮ್ಮ, ನಾನು ಸೇರಿ ಬೀರುವನ್ನ ಗೋಡೆಯಿಂದ ಎಳೆದು ಹಾಲ್‌ಗೆ ಅಡ್ಡ ನಿಲ್ಲಿಸಿದ್ವಿ. ಅದರಾಚೆ ದಿವಾನ, ಒಂದು ಟೇಬಲ್ ಲ್ಯಾಂಪ್. ಉಳಿದ ಸಂದಿಗೆ ಪರದೆ ಕಟ್ಟಿದ್ವಿ. ಬಣ್ಣ ಅಮ್ಮನೇ ಆರಿಸಿದ್ದು, ಅರಿಶಿನ ಹಳದಿ. ಇಡೀ ಮನೆಯಲ್ಲಿ ಎದ್ದು ಕಾಣೋ ಬಣ್ಣ ಅದೊಂದೇ. ಅದು ಎಳೆದಿದ್ರೆ ಆಚೆ ಅಮ್ಮನ ಜಾಗ ಅಂತ ಅರ್ಥ.

ಹಾಲ್ ಈಗ ಮೊದಲಿಗಿಂತ ಚಿಕ್ಕದಾಗಿ ಕಾಣುತ್ತೆ. ರೀಲ್ಸ್ ಪ್ರಕಾರ ನಾವು ಮಾಡಿರೋದು ತಪ್ಪು. ತಮ್ಮನ ವಿಡಿಯೋ ಸದ್ದು ಪರದೆ ದಾಟಿ ಹೋಗುತ್ತೆ, ಅದಕ್ಕಿನ್ನೂ ಜಗಳ ನಡೀತಿದೆ. ಆದರೆ ಹತ್ತು ಗಂಟೆಗೆ ಅಮ್ಮ ಲೈಟ್ ಆರಿಸ್ತಾರೆ.

ಇವತ್ತು ಮನೆಗೆ ಹೋದಾಗ ಗೋಡೆ ಬಣ್ಣ ನೋಡೋ ಮೊದಲು ಒಂದು ಎಣಿಕೆ ಮಾಡಿ. ಮನೆಯಲ್ಲಿ ಎಷ್ಟು ಜನ ಇದ್ದಾರೆ? ಯಾರಿಗೆ ಸ್ವಂತದ್ದು ಅಂತ ಒಂದು ಮೂಲೆ ಇದೆ, ಯಾರಿಗಿಲ್ಲ? ಇಲ್ಲದವರ ಹತ್ತಿರ ಹೋಗಿ, ಯಾವ ಬಣ್ಣ ಇಷ್ಟ ಅಂತ ಕೇಳಿ.