ಬಂದೂಕಿನ ಹಿನ್ನೂಕು



ಹಾವೇರಿ ಸೀಮೆಯ ಮಾಸೂರಿನ ಹೆಸರನ್ನು ಕೇಳಿದೊಡನೆ ನಮಗೆ ಎರಡು ಸಂಗತಿಗಳು ನೆನಪಿಗೆ ಬರುತ್ತವೆ. ಒಂದು, ಜನರು ಆ ಊರಿನೊಡನೆ ಸೇರಿಸಿ ಹೇಳುವ ಸರ್ವಜ್ಞನ ಹೆಸರು. ಇನ್ನೊಂದು, ವಿಜಯನಗರದ ಕಾಲದಲ್ಲಿ ಕುಮುದ್ವತಿಯ ನೀರನ್ನು ತಡೆದು ಕಟ್ಟಿದ ಮದಗದ ಕೆರೆ. ಆ ಮಹಾ ಕೆರೆ ಒಡೆದುಹೋಗಿ, ಈಗ ಉಳಿದಿರುವುದು ಹಿಂದಿನ ವಿಸ್ತಾರದ ಒಂದು ಭಾಗ ಮಾತ್ರ. ನುಗ್ಗಿ ಬರುವ ಬಲದ ಎದುರಿಗೆ ಏರಿಯನ್ನು ಹಾಕಿದರಷ್ಟೆ ಸಾಲದು, ಆ ಬಲವು ತಗ್ಗಿ ಹರಿಯುವುದಕ್ಕೆ ದಾರಿಯನ್ನೂ ಕೊಡಬೇಕು ಎಂಬುದು ಕೆರೆ ಕಟ್ಟುವವರೆಲ್ಲರೂ ಅರಿತ ಮಾತು. ಇದೇ ಮಾತು ಬಂದೂಕಿನ ಚರಿತ್ರೆಯಲ್ಲಿಯೂ ಹೇಗೆ ನಿಜವಾಯಿತೆಂಬುದನ್ನು ನಾವು ಇಂದು ವಿಚಾರಮಾಡೋಣ.

ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಇದನ್ನು ಹಿನ್ನೂಕು ಎಂದು ಕರೆಯೋಣ. ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆಯುಂಟೆಂದು ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಧಿಸಿದನು. ಆದರೆ ಫಿರಂಗಿಯವರಿಗೆ ಅದರ ಅನುಭವ ಅದಕ್ಕಿಂತ ಬಹು ಹಿಂದಿನದು. ಬಿಜಾಪುರದ ಕೋಟೆಯ ಮೇಲಿರುವ ಮಲಿಕ್-ಇ-ಮೈದಾನವನ್ನು ನೋಡಿ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಈ ಫಿರಂಗಿಯ ತೂಕ ಸುಮಾರು 55 ಟನ್ನು. ಇಂಥದರ ಹಿನ್ನೂಕನ್ನು ತಡೆಯುವುದಕ್ಕೆ ಆ ಕಾಲದಲ್ಲಿ ಇದ್ದ ಉಪಾಯಗಳು ಎರಡೇ: ಫಿರಂಗಿಯ ಸ್ವಂತ ಭಾರ ಮತ್ತು ಬುರುಜಿನ ಕಲ್ಲು. ಇದು ಏರಿಯ ನೀತಿ.

ಮೈಸೂರಿನವರು ಬೇರೊಂದು ನೀತಿಯನ್ನು ಹಿಡಿದರು. ಹೈದರ್, ಟಿಪ್ಪು ಇವರ ಸೈನ್ಯದ ರಾಕೆಟ್ಟುಗಳಲ್ಲಿ ಕಬ್ಬಿಣದ ಕೊಳವೆಯೊಳಗೆ ಮದ್ದು ಉರಿದು, ಅನಿಲವು ಹಿಂದಕ್ಕೆ ಹೊರಡುತ್ತಿತ್ತು. ಕೊಳವೆ ಮುಂದಕ್ಕೆ ಹಾರುತ್ತಿತ್ತು. ಫಿರಂಗಿಯಲ್ಲಿ ಉಪದ್ರವವೆನಿಸಿದ ಪ್ರತಿಕ್ರಿಯೆಯೇ ಇಲ್ಲಿ ವಾಹನವಾಯಿತು. 1780ರ ಪೊಳ್ಳಿಲೂರಿನ ಕದನದಲ್ಲಿ ಅದರ ಪ್ರತಾಪವನ್ನು ಇಂಗ್ಲಿಷರು ಕಂಡರು. ಮಾಸೂರು ಸೀಮೆಯು ಬಿಜಾಪುರದವರ, ಮೈಸೂರಿನವರ, ಮರಾಠರ ಅಧಿಕಾರಗಳನ್ನೆಲ್ಲ ಕಂಡ ನಾಡು. ತಡೆಯುವ ನೀತಿಯೂ ದುಡಿಸುವ ನೀತಿಯೂ ಕನ್ನಡ ನೆಲದಲ್ಲಿಯೇ ಒಂದರ ಹಿಂದೆ ಒಂದು ನಡೆದುವೆಂಬುದು ಗಮನಾರ್ಹ.

ಈ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದ ಕೀರ್ತಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಲ್ಲುತ್ತದೆ. 1884ರ ಸುಮಾರಿನಲ್ಲಿ ಮ್ಯಾಕ್ಸಿಮ್ ಎಂಬಾತನು ಹಿನ್ನೂಕಿನಿಂದಲೇ ತೋಟಾ ತುಂಬಿಕೊಳ್ಳುವ ಬಂದೂಕನ್ನು ನಿರ್ಮಿಸಿದನು. ಅನಂತರ ಬ್ರೌನಿಂಗನು ಅದನ್ನು ಅಂಗೈಗೆ ಹಿಡಿಯುವ ಪಿಸ್ತೂಲಿಗೆ ಇಳಿಸಿದವರಲ್ಲಿ ಅಗ್ರಗಣ್ಯನಾದನು. ಅವನ ಮಾದರಿಯೊಂದನ್ನು ಅಮೆರಿಕದ ಸೈನ್ಯವು 1911ರಲ್ಲಿ ಸ್ವೀಕರಿಸಿತು. ಅವನು ಆರಂಭಿಸಿ, 1926ರಲ್ಲಿ ಅವನು ತೀರಿಕೊಂಡ ಮೇಲೆ ಸೇವ್ ಎಂಬ ಬೆಲ್ಜಿಯಮ್ಮಿನ ಶಿಲ್ಪಿಯು ಪೂರೈಸಿದ ಇನ್ನೊಂದು ಮಾದರಿ 1935ರಲ್ಲಿ ಹೊರಬಂದಿತು. ನಮ್ಮ ದೇಶದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರಿನ ಪಿಸ್ತೂಲು ಇದರ ಸಂತತಿಯೇ.

ಇದರ ಕೆಲಸವನ್ನು ಲೆಕ್ಕದಲ್ಲಿ ಹೇಳೋಣ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರಿನಂತೆ ಹೊರಟರೆ, 1 ಕಿಲೋಗ್ರಾಂ ಪಿಸ್ತೂಲು, ಮದ್ದಿನ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಸೆಕೆಂಡಿಗೆ 2.8 ಮೀಟರಿನಂತೆ ಹಿಂದಕ್ಕೆ ಹೊರಡಬೇಕು. ಈ ವೇಗವನ್ನು ಮೊದಲು ಹೊರುವುದು ಮೇಲಿನ ಸ್ಲೈಡು. ಅದು ಹಿಂದಕ್ಕೆ ಸರಿದು ಬರಿದಾದ ತೋಟಾವನ್ನು ಹೊರಗೆ ಎಸೆಯುತ್ತದೆ. ಜೊತೆಗೆ ಒಂದು ಸುರುಳಿ ಸ್ಪ್ರಿಂಗನ್ನು ಅದುಮುತ್ತದೆ. ಅದುಮಿದ ಸ್ಪ್ರಿಂಗು ಸ್ಲೈಡನ್ನು ಮರಳಿ ತಳ್ಳಿ ಹೊಸ ತೋಟಾವನ್ನು ನಳಿಗೆಗೆ ಏರಿಸುತ್ತದೆ.

ಸಮನಾದ ಅಂತರದಲ್ಲಿ ಸುತ್ತಿದ ಸ್ಪ್ರಿಂಗು ಹುಕ್ಕನು 1678ರಲ್ಲಿ ವಿವರಿಸಿದ ನಿಯಮವನ್ನು ಅನುಸರಿಸುತ್ತದೆ: ಎಷ್ಟು ಅದುಮುವೆವೋ ಅದಕ್ಕೆ ತಕ್ಕಷ್ಟೇ ವಿರೋಧ. ಮೊದಲ ಅಂಗುಲಕ್ಕೆ ಎಷ್ಟು ಬಲ ಹೆಚ್ಚುವುದೋ ಎರಡನೆಯದಕ್ಕೂ ಅಷ್ಟೇ. ಇದಕ್ಕೆ ಬದಲಾಗಿ ಸುರುಳಿಗಳನ್ನು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ಸುತ್ತಿದರೆ, ಅದುಮುವಾಗ ಒತ್ತಾದ ಸುರುಳಿಗಳು ಮೊದಲು ಒಂದರ ಮೇಲೊಂದು ಕೂತು ಕೆಲಸದಿಂದ ಬಿಡುವುವು. ಉಳಿದ ಸುರುಳಿಗಳ ಸಂಖ್ಯೆ ಕಡಿಮೆಯಾದಂತೆ ಸ್ಪ್ರಿಂಗು ಬಿರುಸಾಗುತ್ತದೆ. ಇದೇ ಏರುಬಿರುಸಿನ ಸ್ಪ್ರಿಂಗು. ಇದರ ತತ್ತ್ವ ನಮಗೆ ಅಪರಿಚಿತವಲ್ಲ. ಹೊರೆ ಲಾರಿಗಳ ಹಿಂದಿನ ಗಾಲಿಯ ಕಮಾನುಪಟ್ಟಿಗಳನ್ನು ನೋಡಿ: ಬರಿದಾಗಿ ಹೋಗುವಾಗ ಮುಖ್ಯ ಕಟ್ಟು ಮಾತ್ರ ಬಾಗುತ್ತದೆ, ಹತ್ತಿಯ ಅಂಡಿಗೆಗಳನ್ನು ಹೇರಿದಾಗ ಇನ್ನೊಂದು ಕಟ್ಟೂ ಭಾರಕ್ಕೆ ಹೆಗಲು ಕೊಡುತ್ತದೆ.

ಇದರ ಪ್ರಯೋಜನವನ್ನು ಹೊಗಳುವವರು ಉಂಟು. ಆರಂಭದಲ್ಲಿ ಮೆತ್ತಗಿರುವುದರಿಂದ ಬಲ ಕುಂದಿದ ತೋಟಾ ಕೂಡ ಸ್ಲೈಡನ್ನು ಸರಿಸಬಲ್ಲುದು. ಕೊನೆಯಲ್ಲಿ ಬಿರುಸಾಗುವುದರಿಂದ ಸ್ಲೈಡು ಚೌಕಟ್ಟಿಗೆ ಬಡಿಯುವ ಪೆಟ್ಟು ತಗ್ಗುವುದು. ಇದು ಸರಿಯೇ. ಆದರೆ ಹಿನ್ನೂಕು ಇಲ್ಲವಾಯಿತೆಂದು ಹೇಳಿದರೆ ನ್ಯೂಟನ್ನನು ಒಪ್ಪುವವನಲ್ಲ. ಒಟ್ಟು ಮೊತ್ತ ಕೈಗೆ ಬಂದೇ ಬರುತ್ತದೆ. ಸ್ಪ್ರಿಂಗು ಅದನ್ನು ಕಾಲದಲ್ಲಿ ಹಂಚಿಕೊಡುವುದಷ್ಟೆ. ಇದಲ್ಲದೆ, ಆರಂಭದ ಮೆತ್ತನೆಯ ಗುಣವೇ ಮರಳುವಾಗ ಕೊನೆಯ ದೌರ್ಬಲ್ಯವಾಗಬಹುದು. ಕಿಟ್ಟ ಕಟ್ಟಿದ ಪಿಸ್ತೂಲಿನಲ್ಲಿ ಹೊಸ ತೋಟಾವನ್ನು ಪೂರ್ತಿ ಒಳಕ್ಕೆ ಒತ್ತಿ ಬೀಗಹಾಕಲು ಬೇಕಾದ ಬಲ ಆ ಕೊನೆಯ ಕೂದಲೆಳೆಯಷ್ಟು ದೂರದಲ್ಲಿಯೇ ಕೊರತೆಯಾದೀತು. ಅತಿ ಬಿರುಸಾದರೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗದು, ಖಾಲಿ ತೋಟಾ ಸಿಕ್ಕಿಕೊಳ್ಳುವುದು. ಕಾವಲಿನವನ ಪ್ರಾಣ ಈ ಅಳತೆಯ ಮೇಲೆ ನಿಂತಿರುತ್ತದೆ. ಆದಕಾರಣವೇ ಅನೇಕ ತಯಾರಕರು ಸಮಬಿರುಸಿನ ಸ್ಪ್ರಿಂಗನ್ನು ಬಿಡಲಿಲ್ಲ. ಗ್ಲಾಕ್ ಕಂಪನಿಯವರು 2010ರ ನಾಲ್ಕನೆಯ ಪೀಳಿಗೆಯಲ್ಲಿ ಒಂದರೊಳಗೊಂದು ಸೇರಿದ ಎರಡು ಸ್ಪ್ರಿಂಗುಗಳ ಬೇರೊಂದು ದಾರಿಯನ್ನು ಹಿಡಿದರು.

ಚರಿತ್ರೆಯು ನಮಗೆ ಇಲ್ಲಿ ಕಲಿಸುವುದೇನು? ಬಿಜಾಪುರದ ಕಲ್ಲು ಬಲವನ್ನು ಎದುರಿಸಿತು. ಮೈಸೂರಿನ ರಾಕೆಟ್ಟು ಬಲವನ್ನು ಏರಿಕೊಂಡು ಹೋಯಿತು. ಅಂಗೈಯಗಲದ ಪಿಸ್ತೂಲು ಬಲವನ್ನು ಸಾಲವಾಗಿ ಪಡೆದು ಕೆಲಸ ಮಾಡಿಸಿ ಮರಳಿ ಕೊಟ್ಟಿತು. ಈ ಮೂರರಲ್ಲಿ ಯಾವುದೂ ಬಲವನ್ನು ಅಳಿಸಿಹಾಕಲಿಲ್ಲ. ಮುಂದೆ ಮಾಸೂರಿನ ಕಡೆಗೆ ಹೋದವರು ಮದಗದ ಏರಿಯ ಮೇಲೆ ಒಂದು ಗಳಿಗೆ ನಿಂತು, ತೂಬಿನಿಂದ ಹೊರಡುವ ನೀರನ್ನು ನೋಡಲಿ. ಏರಿ ಗಟ್ಟಿಯಾಗಿದ್ದರೂ ತೂಬಿನ ಅಳತೆ ತಪ್ಪಿದರೆ ಕೆಳಗಿನ ಗದ್ದೆಗೆ ಕೇಡೇ. ಬಂದೂಕಿನವನಿಗೂ ಸ್ಪ್ರಿಂಗಿನವನಿಗೂ ಅದೇ ಅಳತೆಯ ಚಿಂತೆ.