ಆಪಾದಿತರ ವಕಾಲತ್ತಿನಿಂದ ಅಧ್ಯಾಪನಕ್ಕೆ

ದಂಡನೀತಿಯ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನೂ ತೀರ್ಪುಗಳನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. ಆಪಾದಿತನ ಪಕ್ಕದಲ್ಲಿ ನಿಂತ ವಕೀಲನ ಅನುಭವವೂ ಚರಿತ್ರೆಗೆ ಆಕರವಾಗಬಲ್ಲುದೆ? ಅಮೆರಿಕದ ಜೇಮ್ಸ್ ಫಾರ್ಮನ್ ಜೂನಿಯರ್ ಅವರ ವೃತ್ತಿಜೀವನದ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಬಹುದೆಂದು ನಾವು ಭಾವಿಸುತ್ತೇವೆ.

ಗುರುತರ ಅಪರಾಧದ ಆಪಾದನೆಗೆ ಒಳಗಾದ ಬಡವನಿಗೆ ರಾಜ್ಯಗಳು ವಕೀಲನನ್ನು ಒದಗಿಸಲೇಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1963ರ ಗಿಡಿಯನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಹೀಗೆ ಸಾರ್ವಜನಿಕ ವೆಚ್ಚದಲ್ಲಿ ವಾದಿಸುವವರಿಗೆ ‘ಪಬ್ಲಿಕ್ ಡಿಫೆಂಡರ್’ ಎಂದು ಹೆಸರು. ಫಾರ್ಮನ್ ಅವರು 1994ರಲ್ಲಿ ವಾಷಿಂಗ್ಟನ್ ನಗರದ ಇಂತಹ ಕಚೇರಿಯನ್ನು ಸೇರಿದರು. ಅದೇ ಹೆಸರಿನ ಅವರ ತಂದೆ 1960ರ ದಶಕದ ಪೌರಹಕ್ಕುಗಳ ಚಳವಳಿಯ ನಾಯಕರಲ್ಲೊಬ್ಬರು. ಆ ಚಳವಳಿಯ ಮುಂದುವರಿಕೆಯೆಂದೇ ಮಗನು ಈ ಕಾರ್ಯವನ್ನು ಕೈಗೊಂಡನು.

1995ರಲ್ಲಿ ಪಿಸ್ತೂಲನ್ನೂ ಅಲ್ಪ ಗಾಂಜಾವನ್ನೂ ಇಟ್ಟುಕೊಂಡಿದ್ದ 15 ವರ್ಷದ ಬಾಲಕನೊಬ್ಬನ ಪರವಾಗಿ ಅವರು ವಾದಿಸಿದರು. ನ್ಯಾಯಾಧೀಶರು ಮಾರ್ಟಿನ್ ಲೂಥರ್ ಕಿಂಗರ ತ್ಯಾಗವನ್ನು ನೆನಪಿಸಿ, ಬಾಲಕನನ್ನು ಬಂಧನಗೃಹಕ್ಕೆ ಕಳುಹಿಸಿದರು. ಬಾಲಕ, ವಕೀಲ, ನ್ಯಾಯಾಧೀಶ ಮೂವರೂ ಕಪ್ಪುಜನರೇ. ಹಕ್ಕುಗಳಿಗಾಗಿ ಹೋರಾಡಿದ ಜನರ ಕೈಗೆ ಬಂದ ಅಧಿಕಾರವು ಅವರ ಮಕ್ಕಳನ್ನೇ ಸೆರೆಗೆ ತಳ್ಳಿದುದು ಹೇಗೆ? ಫಾರ್ಮನ್ನರನ್ನು ಕಾಡಿದ ಪ್ರಶ್ನೆ ಇದು.

ಅವರು 2003ರಲ್ಲಿ ಜಾರ್ಜ್‌ಟೌನ್, 2011ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯನ್ನು ಅಧ್ಯಾಪಕರಾಗಿ ಸೇರಿದರು. 2017ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ‘ಲಾಕಿಂಗ್ ಅಪ್ ಅವರ್ ಓನ್’ ಗ್ರಂಥವು ಆ ಪ್ರಶ್ನೆಗೆ ಉತ್ತರ. 1975ರಲ್ಲಿ ನಗರಸಭೆಯ ಮುಂದೆ ಬಂದ, ಗಾಂಜಾ ಶಿಕ್ಷೆಯನ್ನು ತಗ್ಗಿಸುವ ಮಸೂದೆ ಬಿದ್ದುಹೋಯಿತು. 1982ರಲ್ಲಿ ಮಾದಕವಸ್ತುಗಳ ಮಾರಾಟಕ್ಕೆ ಕಡ್ಡಾಯ ಕನಿಷ್ಠ ಶಿಕ್ಷೆಯನ್ನು ಮತದಾರರೇ ಅಂಗೀಕರಿಸಿದರು. ಹೆರಾಯಿನ್ ಮತ್ತು ಕೊಲೆಗಳಿಂದ ನಲುಗಿದ ಬಡಾವಣೆಗಳ ಭೀತಿ ಸುಳ್ಳಾಗಿರಲಿಲ್ಲ. ಆ ನಾಯಕರು ಪೊಲೀಸರೊಡನೆ ಉದ್ಯೋಗ, ಶಾಲೆ, ವಸತಿಗಳನ್ನೂ ಬೇಡಿದ್ದರು. ದೊರೆತದ್ದು ಮಾತ್ರ ಪೊಲೀಸರೂ ಸೆರೆಮನೆಗಳೂ. ಒಂದೊಂದೂ ಸಣ್ಣದೆಂದು ತೋರಿದ ನಿರ್ಧಾರಗಳು ಕೂಡಿ ದೊಡ್ಡ ಅನ್ಯಾಯವಾದುವು.

ಇದರಿಂದ ವರ್ಣದ್ವೇಷದ ಹೊಣೆ ಕಡಮೆಯಾಯಿತೆಂದು ತಿಳಿಯಲಾಗದು. ಉದ್ಯೋಗಕ್ಕೂ ವಸತಿಗೂ ಬೇಕಾದ ಹಣ ನಗರಸಭೆಯ ಕೈಯಲ್ಲಿರಲಿಲ್ಲ. ಆ ಬಡಾವಣೆಗಳ ದಾರಿದ್ರ್ಯಕ್ಕೂ ಬಹುಕಾಲದ ವರ್ಣಭೇದವೇ ಮೂಲ.

ಯೇಲ್‌ನಲ್ಲಿ ಫಾರ್ಮನ್ನರು ಕಾನೂನು ವಿದ್ಯಾರ್ಥಿಗಳನ್ನು ಸೆರೆಮನೆಗೆ ಕರೆದೊಯ್ದು, ಬಂಧಿಗಳೊಡನೆ ಒಂದೇ ತರಗತಿಯಲ್ಲಿ ಕುಳ್ಳಿರಿಸಿ ಪಾಠ ಹೇಳಿದರು. ನ್ಯಾಯಾಲಯದ ಅನುಭವವೊಂದರಿಂದಲೇ ಅವರ ಗ್ರಂಥ ಹುಟ್ಟಲಿಲ್ಲ. ಉತ್ತರ ದೊರೆತದ್ದು ಹಳೆಯ ದಾಖಲೆಗಳಲ್ಲಿ. ಆದರೆ ಆ ಬಾಲಕನ ಪಕ್ಕದಲ್ಲಿ ನಿಲ್ಲದಿದ್ದರೆ ದಾಖಲೆಗಳಿಗೆ ಯಾವ ಪ್ರಶ್ನೆ ಹಾಕಬೇಕೆಂಬುದು ಅವರಿಗೆ ಹೊಳೆಯುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.