ಕರಣೆಯ ಮೇಲೆ ಮರಳು

ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದ ಉತ್ಸವದಲ್ಲಿ ಪಂಚವಾದ್ಯಕ್ಕೆ ನಿಲ್ಲುವ ಮದ್ದಳೆಗೂ, ತಿರುವನಂತಪುರದ ನವರಾತ್ರಿ ಮಂಟಪದ ಮೃದಂಗಕ್ಕೂ ಕರಣೆ ಇದೆ, ಚೆಂಡೆಗಿಲ್ಲ. ಈ ಕಪ್ಪು ಬಿಲ್ಲೆ ನಾದಕ್ಕೆ ಏನು ಮಾಡುತ್ತದೆಂದು ಕಣ್ಣಿಗೇ ತೋರಿಸಿಕೊಟ್ಟವರು ಯಾರು? ಇದೇ ಪ್ರಶ್ನೆ ಹಿಡಿದು ಹಳೆಯ ಸಂಪುಟಗಳನ್ನು ತಿರುವತೊಡಗಿದೆ.

ಪಠ್ಯಪುಸ್ತಕಗಳೆಲ್ಲ ಕರೆದೊಯ್ದದ್ದು ಜರ್ಮನಿಯ ಕ್ಲಾಡ್ನಿಯ ಬಳಿಗೆ. 1787ರಲ್ಲಿ ಆತ ಪ್ರಕಟಿಸಿದ ಪ್ರಯೋಗ ಸರಳ: ಫಲಕದ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆಯುವುದು. ಅದುರುವ ಜಾಗದಿಂದ ಮರಳು ಸಿಡಿದು, ಅದುರದ ಗೆರೆಗಳಲ್ಲಿ ನೆಲೆಸುತ್ತದೆ. ಸ್ವರ ಏರಿದಂತೆ ಗೆರೆಗಳು ಹೆಚ್ಚುತ್ತವೆ. ಆದರೆ ಅದು ಫಲಕ, ಚರ್ಮವಲ್ಲ.

ಮುಂದಿನ ಸುಳಿವು 1920ರ 'ನೇಚರ್' ಪತ್ರಿಕೆಯಲ್ಲಿತ್ತು: ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ಬರೆದ ಪುಟ್ಟ ಟಿಪ್ಪಣಿ. ಅಲ್ಲಿಂದ ದಾರಿ ಬೆಂಗಳೂರಿಗೇ ಬಂತು. 1934ರಲ್ಲಿ ರಾಮನ್ ಇಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಕುರಿತ ಅವರ ಲೇಖನವಿದೆ; ಜೊತೆಗೆ ಮರಳಿನ ಚಿತ್ರಗಳ ಛಾಯಾಚಿತ್ರಗಳು!

ಆ ಪುಟಗಳನ್ನು ಬಿಟ್ಟೇಳಲು ಮನಸ್ಸೇ ಬರಲಿಲ್ಲ. ಬರಿಯ ಚರ್ಮ ಎಳೆದು ಕಟ್ಟಿದ ವಾದ್ಯದಲ್ಲಿ ಮೂಲ ಸ್ವರ 1 ಎಂದರೆ ಮುಂದಿನವು 1.59, 2.14, 2.30 ಹೀಗೆ ಹೊಂದಾಣಿಕೆಯಿಲ್ಲದೆ ಬರುತ್ತವೆ. ಅದಕ್ಕೇ ಅದು ಸದ್ದಾಗಿ ಕೇಳುತ್ತದೆ. ನಡುವೆ ಕರಣೆಯ ಭಾರ ಕೂತಾಗ ಅವು 1, 2, 3, 4, 5ರ ಸಾಲಿಗೆ ಬಂದು ನಿಲ್ಲುತ್ತವೆ. ಕೈಬೆರಳಿನಿಂದ ಚರ್ಮವನ್ನು ತಕ್ಕ ಜಾಗದಲ್ಲಿ ಮುಟ್ಟಿ ಬಾರಿಸಿದರೆ ಒಂದೊಂದೇ ಸ್ವರ ಬೇರೆಯಾಗಿ, ಮರಳು ಅದರ ಆಕಾರ ಬರೆಯುತ್ತದೆ. ಎರಡನೆಯ ಸ್ವರಕ್ಕೆ ನಡುವೆ ಹಾಯುವ ಒಂದೇ ಗೆರೆ. ಮೂರನೆಯದಕ್ಕೆ ಎರಡು ಆಕಾರ: ಒಂದನ್ನೊಂದು ಕತ್ತರಿಸುವ ಎರಡು ಗೆರೆ, ಇಲ್ಲವೇ ಒಳಗೊಂದು ವೃತ್ತ. ನಾಲ್ಕಕ್ಕೆ ಎರಡು, ಐದಕ್ಕೆ ಮೂರು. ಮೂಲ ಸ್ವರದ ಒಂದೂ ಸೇರಿ ಒಟ್ಟು ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಅಡಗಿವೆ.

ಇದರ ಗಣಿತವನ್ನು 1954ರಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಬಿಡಿಸಿದರು. ಆದರೆ ಗಣಿತಕ್ಕೂ ಮರಳಿಗೂ ಎಷ್ಟೋ ಮುಂಚೆ, ಅನ್ನದ ಅಂಟಿಗೆ ಕಿಟ್ಟದ ಪುಡಿ ಕಲಸಿ, ಪದರ ಪದರವಾಗಿ ತಿಕ್ಕಿ, ಕಿವಿಯಿಂದಲೇ ಅಳೆದು ಇದನ್ನು ಸಾಧಿಸಿದವರು ವಾದ್ಯ ಕಟ್ಟುವ ಕುಶಲಕರ್ಮಿಗಳು. ಈ ಆವಿಷ್ಕಾರದ ಮೊದಲ ಗೌರವ ಅವರದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅಕಾಡೆಮಿಯ ಜಾಲತಾಣದಲ್ಲಿ ರಾಮನ್ ಲೇಖನ ಉಚಿತವಾಗಿ ಓದಲು ಸಿಗುತ್ತದೆ. ಕಾಸರಗೋಡಿನ ವಿಜ್ಞಾನ ಶಿಕ್ಷಕರು ಅದನ್ನು ಓದಿ, ತಮ್ಮೂರಿನ ಯಕ್ಷಗಾನ ಮದ್ದಳೆಯ ಮೇಲೆ ಒಂದು ಚಿಟಿಕೆ ನುಣ್ಣನೆ ಮರಳು ಉದುರಿಸಿ ಮಕ್ಕಳಿಗೆ ತೋರಿಸಲಿ.